ಬೋಳುಕತ್ತಿನ ಮರಿಗಳ ಕಾಯಿಲೆ

ಗುರುಮಲ್ಲಪ್ಪ ಬೆಳಿಗ್ಗೆ ಎದ್ದು ಹಿತ್ತಲ ಕೋಳಿಗೂಡಿನ ಬಾಗಿಲು ತೆಗೆದವನು, ಹಿಕ್ಕೆಯಲ್ಲಿ ರಕ್ತ ಕಂಡು, ತೆಗೆದ ಬಾಗಿಲನ್ನು ಹಾಗೇ ಮುಚ್ಚಿದ. ಬಾಗಿಲ ಜೊತೆ ಕಣ್ಣನ್ನೂ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಎರಡನ್ನೂ ತೆಗೆದ. ರಕ್ತ ಅಲ್ಲೇ ಇತ್ತು.

ಒಳಗೆ ಒಂಬತ್ತು ಮರಿಗಳು. ಎರಡು ತಿಂಗಳು ಇನ್ನೂ ತುಂಬಿರಲಿಲ್ಲ. ನಿನ್ನೆಯವರೆಗೆ ಕಾಲಿಗೆ ತೊಡರಿಕೊಂಡು ಓಡಾಡುತ್ತಿದ್ದವು ಇವತ್ತು ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು, ಪಿಂಚಣಿ ಬರದ ಮುದುಕರ ಹಾಗೆ ಮೂಲೆ ಹಿಡಿದಿದ್ದವು. ಒಂದಂತೂ ನಿಂತಲ್ಲೇ ಕಣ್ಣು ಮುಚ್ಚಿ ತೂಗುತ್ತಿತ್ತು.

ಅವು ಬೇರೆ ಯಾರ ಮರಿಗಳಾಗಿದ್ದರೂ ಗುರುಮಲ್ಲಪ್ಪ ಇಷ್ಟು ಹೆದರುತ್ತಿರಲಿಲ್ಲ. ಅವು ಹೆಂಡತಿ ಚೆಲುವಮ್ಮನವು. ಗುಂಡ್ಲುಪೇಟೆಯ ತವರಿನಿಂದ ಮೊಟ್ಟೆಗಳನ್ನು ರಾಗಿ ಹಿಟ್ಟಿನಲ್ಲಿ ಹೂತು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು ಮರಿ ಮಾಡಿಸಿದ ಬೋಳುಕತ್ತಿನ ಜಾತಿ. ಕತ್ತಿನ ಮೇಲೆ ಒಂದು ಪುಕ್ಕವೂ ಇರುವುದಿಲ್ಲ. ಮಲಯಾಳ ಸೀಮೆಯ ಈ ಮೀನಂಗಡಿ ಊರಿನ ಸುತ್ತಮುತ್ತ ಅಂಥ ಕೋಳಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ತಾಯಿ ಕೋಳಿಯನ್ನು ಕಾಡುಬೆಕ್ಕು ಹೊತ್ತುಕೊಂಡು ಹೋದ ಮೇಲೆ ಚೆಲುವಮ್ಮನೇ ಅವಕ್ಕೆ ತಾಯಿಯಾಗಿದ್ದಳು. ತಂಗಿಯ ಮಗಳ ಸೀಮಂತಕ್ಕೆಂದು ಊರಿಗೆ ಹೊರಡುವಾಗ ಗಂಡನಿಗೆ ಮೂರು ಮಾತು ಹೇಳಿದ್ದಳು: "ದಿನಾ ಹೊಟ್ಟು ಬದ್ಲಾಯ್ಸಿ. ನೀರು ಚೆಲ್ಲಿ ಒದ್ದೆಯಾದ್ರೆ ತಗುದು ಹಾಕಿ. ಮರೀಬ್ಯಾಡಿ."

ಮೂರನೆಯದನ್ನು ಮಾತ್ರ ಗುರುಮಲ್ಲಪ್ಪ ದಿನವೂ ನೆನಪಿಸಿಕೊಂಡಿದ್ದ. ಗೂಡಿನ ನೆಲಕ್ಕೆ ಹಾಸಿದ್ದ ಹೊಟ್ಟು ನೆನೆದು, ಹಿಕ್ಕೆ ಬೆರೆತು, ಹದವಾದ ಗೊಬ್ಬರವಾಗಿತ್ತು.

ಚೆಲುವಮ್ಮ ಅವತ್ತು ಸಂಜೆಗೆ ಬರುವವಳು. ಅವಳು ಬೈಯುವ ಹೆಂಗಸಾಗಿದ್ದರೆ ಪರವಾಗಿರಲಿಲ್ಲ. ಬೈಗುಳ ಮಳೆಯ ಹಾಗೆ, ಸುರಿದು ನಿಲ್ಲುತ್ತದೆ. ಚೆಲುವಮ್ಮ ಬೈಯುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದಳು. ಒಂದೇ ಒಂದು ಪ್ರಶ್ನೆ, ಮೆಲ್ಲಗೆ, ಉತ್ತರ ಇಲ್ಲದಂಥದ್ದು. ಕೇಳಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಗುರುಮಲ್ಲಪ್ಪ ಆ ಪ್ರಶ್ನೆಯನ್ನು ತನ್ನ ಪಾತ್ರೆ ಅಂಗಡಿಗೂ ಹೊತ್ತುಕೊಂಡು ಹೋಗಿ, ದಿನವಿಡೀ ಚೊಂಬು ಒರೆಸುತ್ತಾ ಉತ್ತರ ಹುಡುಕುತ್ತಿದ್ದ.

"ಏನಾಯ್ತು ಗುರುಮಲ್ಲಪ್ಪ?"

ಬೇಲಿಯಾಚೆಯಿಂದ ಶ್ರೀಧರನ್ ಕೇಳಿದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮೈಸೂರು ರೂಟಿನಲ್ಲಿ ಟಿಕೆಟು ಹರಿದೂ ಹರಿದೂ ಕನ್ನಡ ಕಲಿತಿದ್ದರು. ಮುಖ ನೋಡಿಯೇ ಇವನು ಟಿಕೆಟು ತಗೊಂಡಿದ್ದಾನೋ ಇಲ್ಲವೋ ಎಂದು ಹೇಳಬಲ್ಲವರು. ಗುರುಮಲ್ಲಪ್ಪನದು ಆ ಹೊತ್ತಿಗೆ ಪಕ್ಕಾ ಟಿಕೆಟಿಲ್ಲದ ಮುಖ.

"ಏನಿಲ್ಲ."

ಏನಿಲ್ಲ ಎಂದರೆ ಸಾಕು, ಶ್ರೀಧರನ್ ಬೇಲಿ ದಾಟುತ್ತಾರೆ. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಾಗೇ ಇತ್ತು. ಬಗ್ಗಿ ಗೂಡಿನೊಳಗೆ ನೋಡಿದರು. ಬ್ರಷ್ಷು ಕೆಳಗೆ ಬಿತ್ತು.

"ಪಕ್ಷಿಪ್ಪನಿ!" ಎಂದರು, ಪಿಸುದನಿಯಲ್ಲಿ.

ಹಕ್ಕಿಜ್ವರ. ಆ ಮಾತನ್ನು ಕನ್ನಡದಲ್ಲಿ ಹೇಳಿದ್ದರೆ ಗುರುಮಲ್ಲಪ್ಪ ಒಂದಿಷ್ಟು ತಡೆದುಕೊಳ್ಳುತ್ತಿದ್ದನೋ ಏನೋ. ಆದರೆ ಟೀವಿಯ ವಾರ್ತೆಯವರು ಆ ಸುದ್ದಿಯನ್ನು ಯಾವಾಗಲೂ ಮಲಯಾಳದಲ್ಲೇ, ಅದೂ ಕೆಂಪು ಅಕ್ಷರದಲ್ಲೇ ಹೇಳಿದ್ದರಿಂದ ಅವನು ಗೂಡಿನ ಬಾಗಿಲನ್ನು ಮತ್ತೆ ಮುಚ್ಚಿದ.

"ಒಂದು ಮನೇಲಿ ಬಂದ್ರೆ ಸುತ್ತ ಒಂದು ಕಿಲೋಮೀಟರ್ ಹೋಯ್ತು ಅಂತ್ಲೇ ಲೆಕ್ಕ," ಎಂದರು ಶ್ರೀಧರನ್. "ಬಿಳೀ ಡ್ರೆಸ್ಸಿನವರು ಬರ್ತಾರೆ. ತಲೆಯಿಂದ ಕಾಲಿನ ತನಕ ಬಿಳಿ, ಕಣ್ಣು ಮಾತ್ರ ಕಾಣೋದು. ಕೋಳಿ, ಬಾತು, ಪಂಜರದ ಗಿಳಿ, ಯಾವ್ದೂ ಬಿಡಲ್ಲ."

"ಮನುಷ್ಯರ್ನ ಯಾನೂ ಮಾಡಲ್ಲ ತಾನೇ?"

"ಅವರು ಏನೂ ಮಾಡಲ್ಲ." ಶ್ರೀಧರನ್ ಎದುರು ಮನೆಯ ಕಡೆ ಕಣ್ಣು ಹಾಯಿಸಿದರು. "ಮನುಷ್ಯರನ್ನ ನೋಡ್ಕೊಳ್ಳೋಕೆ ನಮ್ಮ ಓಣಿಯವರೇ ಸಾಕು. ನೀವು ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ನಾನೂ ಬಿಡಲ್ಲ."

ಗುರುಮಲ್ಲಪ್ಪ ಒಳಗೆ ಹೋಗಿ ಕಾಫಿ ಕಾಸಿ, ಲೋಟಕ್ಕೆ ಬಗ್ಗಿಸಿ, ಒಂದು ಗುಟುಕು ಕುಡಿಯುವಷ್ಟರಲ್ಲಿ ಎದುರು ಮನೆಯ ಷೈಜ ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಕತ್ತಿ. ಕತ್ತಿಯಿಂದ ಏನೋ ತೊಟ್ಟಿಕ್ಕುತ್ತಿತ್ತು. ಬಾಳೆದಿಂಡಿನ ರಸ ಎಂದು ತಿಳಿಯುವವರೆಗೆ ಗುರುಮಲ್ಲಪ್ಪನ ಉಸಿರು ಹೊರಡಲಿಲ್ಲ.

"ಗುರುವಣ್ಣಾ, ನಿಮ್ಮ ಕೋಳಿಗೆ ಏನೋ ಆಗಿದೆಯಂತೆ?"

"ಯಾರು ಹೇಳಿದ್ರು?"

"ಶ್ರೀಧರನ್ ಚೇಟ್ಟನ್. ಯಾರಿಗೂ ಹೇಳ್ಬೇಡ ಅಂದ್ರು." ಷೈಜಳಿಗೆ ಅರವತ್ತು ಮೊಟ್ಟೆಕೋಳಿಗಳು. ಮೀನಂಗಡಿಯ ಅರ್ಧ ಹೋಟೆಲುಗಳ ಆಮ್ಲೆಟ್ಟು ಅವಳ ಹಿತ್ತಲಿನಿಂದ ಹೋಗುತ್ತಿತ್ತು. "ನನ್ನ ಕೋಳಿಗಳಿಗೆ ಏನಾದ್ರೂ ಆದ್ರೆ ನಾನು ಸುಮ್ನೆ ಇರಲ್ಲ ಅಣ್ಣಾ. ಮೊದಲೇ ಹೇಳಿದೀನಿ." ಮಾತಿಗೆ ಒತ್ತು ಬರಲೆಂದು ಕತ್ತಿಯನ್ನು ಆಡಿಸಿದಳು. ಒತ್ತು ಬಂತು.

ಅವಳ ಹಿಂದೆಯೇ ವಿಜಯನ್ ಬಂದ. ಕೆಳಗಿನ ಗದ್ದೆಯಲ್ಲಿ ಬಾತುಕೋಳಿ ಸಾಕುವವನು. ಬಾಗಿಲಿನಷ್ಟು ಅಗಲದ ಮನುಷ್ಯ, ಬಾಗಿಲಿನಷ್ಟೇ ಮಾತು. ಗೂಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ನಲವತ್ತು ಬಾತು," ಎಂದ.

ಅದು ಬೆದರಿಕೆಯೋ ಪ್ರಾರ್ಥನೆಯೋ ಗುರುಮಲ್ಲಪ್ಪನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅಂಗಳದಲ್ಲೇ ಸಭೆ ಸೇರಿತು. ಷೈಜ ಅರಿಸಿನ ಬೆಳ್ಳುಳ್ಳಿ ಅರೆದು ತಿನ್ನಿಸಬೇಕೆಂದಳು. ಶ್ರೀಧರನ್ ಪರಂಗಿ ಎಲೆ ಎಂದರು. "ಆಸ್ಪತ್ರೆಗೆ ತೋರ್ಸಿದ್ರೆ...?" ಎಂದು ಗುರುಮಲ್ಲಪ್ಪ ಬಾಯಿ ತೆರೆದ. ಮೂವರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ಆಸ್ಪತ್ರೆಗೆ ಹೋದ್ರೆ ಬಿಳೀ ಡ್ರೆಸ್ಸಿಗೆ ನೀವೇ ದಾರಿ ತೋರಿಸಿದ ಹಾಗೆ," ಎಂದರು ಶ್ರೀಧರನ್.

"ಹೋಗಲ್ಲ ಅಂತ ಆಣೆ ಮಾಡಿ," ಎಂದಳು ಷೈಜ.

ವಿಜಯನ್ ಒಂದು ಹೆಜ್ಜೆ ಮುಂದೆ ಬಂದ. ಗುರುಮಲ್ಲಪ್ಪ ಆಣೆ ಮಾಡಿದ.

ಅವರೆಲ್ಲ ಹೋದ ಮೇಲೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ತೂಗುತ್ತಿದ್ದ ಮರಿ ಕಣ್ಣು ಬಿಟ್ಟು ಅವನನ್ನು ನೋಡಿತು. ಬೋಳು ಕತ್ತನ್ನು ಕೊಂಚ ವಾರೆ ಮಾಡಿ, ಥೇಟು ಚೆಲುವಮ್ಮನ ಹಾಗೆ. ಏನನ್ನೋ ಕೇಳುವ ಹಾಗೆ. ಷೈಜಳ ಕತ್ತಿ ದೊಡ್ಡದೋ ಚೆಲುವಮ್ಮನ ಪ್ರಶ್ನೆ ದೊಡ್ಡದೋ ಎಂದು ಗುರುಮಲ್ಲಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ಕತ್ತಿ ಹಗುರವಾಗಿ ಕಂಡಿತು.

ಕೆಂಪು ಹಿಕ್ಕೆಯನ್ನು ಬಾಳೆಲೆಯ ಚೂರಿನಲ್ಲಿ ಕಟ್ಟಿ ಸ್ಟೀಲಿನ ಪುಟ್ಟ ಡಬ್ಬಿಗೆ ಹಾಕಿದ. ಆ ಮರಿಯನ್ನು ಬಟ್ಟೆ ಚೀಲದಲ್ಲಿ ಕೂರಿಸಿ ಮೇಲೆ ಟವೆಲು ಹೊದಿಸಿದ. ಹಿತ್ತಲ ಕಾಫಿ ಗಿಡಗಳ ನಡುವೆ ಬಗ್ಗಿ ಬಗ್ಗಿ ನಡೆದು, ಬೇರೆಯವರ ಮನೆಗೆ ಕನ್ನ ಹಾಕಿದವನ ಹಾಗೆ ಸ್ವಂತ ಮನೆಯಿಂದ ಪರಾರಿಯಾಗಿ ಬಸ್ಸು ಹತ್ತಿದ.

ಬಸ್ಸು ತುಂಬಿತ್ತು, ನಿಲ್ಲಬೇಕಾಯಿತು. ಮರಿ ಅಷ್ಟು ಹೊತ್ತು ಸುಮ್ಮನಿದ್ದುದು, ಬಸ್ಸು ಹೊರಟದ್ದೇ "ಚೀಂವ್" ಎಂದಿತು.

ಪಕ್ಕದ ಸೀಟಿನಲ್ಲಿ ಕೂತವಳು ತಲೆಯೆತ್ತಿದಳು. ಗುರುಮಲ್ಲಪ್ಪ ದಿಕ್ಕು ತೋಚದೆ ಕೆಮ್ಮಿದ. ಮರಿ ಮತ್ತೆ "ಚೀಂವ್, ಚೀಂವ್" ಎಂದಿತು. ಅವನು ಎರಡು ಸಲ ಕೆಮ್ಮಿದ. ತಿರುವು ಬಂದಾಗಲೆಲ್ಲ ಮರಿ ಕೂಗುವುದು, ಇವನು ಅದರ ಮೇಲೆ ಕೆಮ್ಮುವುದು. ಹೀಗೇ ನಡೆದು ಕೊನೆಗೆ ಕೆಮ್ಮಿನ ತುದಿಯಲ್ಲಿ ಸಣ್ಣಗೆ ಸಿಳ್ಳೆಯಂಥ ದನಿ ಹೊರಡುತ್ತದೆಂದು ಬಸ್ಸಿನವರಿಗೆಲ್ಲ ಖಾತ್ರಿಯಾಯಿತು. ಪಕ್ಕದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದಳು. ಹಿಂದಿನವರು ಇನ್ನೂ ಹಿಂದೆ ಸರಿದರು. ಹುಟ್ಟಿದಂದಿನಿಂದ ಆ ರೂಟಿನ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದ ಗುರುಮಲ್ಲಪ್ಪನಿಗೆ ಮೊದಲ ಬಾರಿ ಒಂದಿಡೀ ಸೀಟು, ಅದೂ ಕಿಟಕಿ ಪಕ್ಕ, ಸಿಕ್ಕಿತು. ಅದನ್ನು ಅನುಭವಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಪಶು ಆಸ್ಪತ್ರೆಯ ಡಾಕ್ಟರ್ ಮಾನಸಾ ಬೀದರಿನಲ್ಲಿ ಓದಿ ಬಂದವರು, ಕನ್ನಡ ಬರುತ್ತಿತ್ತು. ಗುರುಮಲ್ಲಪ್ಪ ಅವರ ಕೋಣೆಗೆ ಹೋದವನೇ ಕಿಟಕಿಯತ್ತ ನೋಡಿ, ಬಾಗಿಲತ್ತ ನೋಡಿ, "ನನ್ನ ಹೆಸ್ರು ಬರ್ಕೋಬ್ಯಾಡಿ ಡಾಕ್ಟ್ರಮ್ಮ," ಎಂದ.

"ಯಾಕೆ? ಏನು ತಂದಿದ್ದೀರಿ?"

ಅವನು ಚೀಲ ತೆಗೆಯುವ ಮೊದಲು ಅಳು ತೆಗೆದ. ಹೊಟ್ಟು, ಒದ್ದೆ, ರಕ್ತ, ಕತ್ತಿ, ನಲವತ್ತು ಬಾತು, ಒಂದು ಕಿಲೋಮೀಟರ್, ಎಲ್ಲವೂ ಒಂದೇ ಉಸಿರಿಗೆ ಬಂದವು. ಡಾಕ್ಟರು ಅಷ್ಟರಲ್ಲಿ ಮರಿಯನ್ನು ಅಂಗೈ ಮೇಲೆ ಕೂರಿಸಿಕೊಂಡು ಕಣ್ಣು ನೋಡಿದರು, ಜುಟ್ಟು ನೋಡಿದರು, ಎದೆಮೂಳೆ ಸವರಿದರು.

"ಎಷ್ಟು ಮರಿ ಸತ್ತಿವೆ?"

"ಯಾವ್ದೂ ಸತ್ತಿಲ್ಲ. ನಾನೇ ಅರ್ಧ ಸತ್ತಿವ್ನಿ."

ಡಬ್ಬಿಯಲ್ಲಿದ್ದುದನ್ನು ಒಂದು ಚೂರು ಗಾಜಿನ ಮೇಲೆ ಸವರಿ ಡಾಕ್ಟರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಗುರುಮಲ್ಲಪ್ಪ ಗೋಡೆಗೆ ಒರಗಿದ. ಈಗ ಅವರು ತಲೆಯೆತ್ತುತ್ತಾರೆ. ಫೋನು ತೆಗೆಯುತ್ತಾರೆ. ಬಿಳಿ ಜನ ಬರುತ್ತಾರೆ. ಷೈಜ ಬರುತ್ತಾಳೆ. ಅವನ ಬೆನ್ನಿನ ಬೆವರು ಗೋಡೆಯ ಸುಣ್ಣಕ್ಕೆ ಹತ್ತಿತು.

"ಬನ್ನಿ, ನೀವೇ ನೋಡಿ."

ಬಗ್ಗಿ ನೋಡಿದ. ಬೆಳಕಿನ ವೃತ್ತದೊಳಗೆ ಸಣ್ಣ ಸಣ್ಣ ಗುಂಡನೆಯ ಕಾಳುಗಳು, ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಮೊಟ್ಟೆಯಂಥದ್ದು.

"ಇದೇನಾ ಹಕ್ಕಿಜ್ವರ?"

"ಹಕ್ಕಿಜ್ವರ ಇದರಲ್ಲಿ ಕಾಣೋದಿಲ್ಲ ಯಜಮಾನರೇ. ಅದು ಬಂದಿದ್ದರೆ ಇಷ್ಟು ಹೊತ್ತಿಗೆ ಮರಿಗಳು ಪಟಪಟ ಸಾಯ್ತಿದ್ದವು. ಜುಟ್ಟು ನೀಲಿಯಾಗ್ತಿತ್ತು, ಮುಖ ಊದ್ತಿತ್ತು. ಇದು ಕರುಳಿನ ಕಾಯಿಲೆ. ಆ ಸಣ್ಣ ಕಾಳುಗಳು ಕಾಕ್ಸಿಡಿಯಾ ಅಂತ, ಕರುಳಿನೊಳಗೆ ಕೂತು ಕೊರೆಯೋ ಪರೋಪಜೀವಿ. ರಕ್ತಭೇದಿ ಅದರಿಂದ. ದೊಡ್ಡದು ಜಂತುಹುಳುವಿನ ಮೊಟ್ಟೆ. ಒದ್ದೆ ಹೊಟ್ಟಿನಲ್ಲಿ ಇವೆಲ್ಲ ಬಲಿತುಕೊಳ್ತವೆ, ಮರಿ ಅದನ್ನೇ ಕೆದಕಿ ತಿನ್ನುತ್ತೆ."

"ನಮ್ಗೆ ಬರುತ್ತಾ?"

"ಇದು ಕೋಳಿಯದು. ನಿಮಗೆ ಬರಲ್ಲ. ಕೈ ಮಾತ್ರ ಸೋಪು ಹಾಕಿ ತೊಳೀರಿ." ಡಾಕ್ಟರು ಒಂದು ಪೊಟ್ಟಣ ಪುಡಿ ಕೊಟ್ಟರು. "ಇದನ್ನು ಕುಡಿಯೋ ನೀರಿಗೆ ಬೆರೆಸಿ ಐದು ದಿನ ಕೊಡಿ. ಬೇರೆ ನೀರು ಇಡಬೇಡಿ. ದಿನಾ ಹೊಸದಾಗಿ ಕಲಸಿ. ಹುಳದ ಮದ್ದು ಆಮೇಲೆ, ಮರಿ ಚೇತರಿಸಿಕೊಂಡ ಮೇಲೆ. ಹಳೇ ಹೊಟ್ಟನ್ನೆಲ್ಲ ತೆಗೆದು ಸುಡಿ. ಮತ್ತೆ ಒಂದು ಮಾತು: ಆ ಗೂಡಿನಲ್ಲಿ ಕಾಲಿಟ್ಟ ಮರಿಗಳಿಗೆಲ್ಲ ಮದ್ದು ಪೂರ್ತಿ ಆಗಬೇಕು. ಅಲ್ಲಿಯವರೆಗೆ ಒಂದನ್ನೂ ಬೇರೆ ಕೋಳಿಗಳ ಜೊತೆ ಬಿಡಬೇಡಿ. ಬಿಟ್ಟರೆ ಕಾಯಿಲೆ ಅಲ್ಲಿಗೂ ಹೋಗುತ್ತೆ."

ಗುರುಮಲ್ಲಪ್ಪ ಅವರಿಗೆ ಕೈಮುಗಿದ, ಮೈಕ್ರೋಸ್ಕೋಪಿಗೂ ಕೈಮುಗಿದ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಆಟೋ ಹಿಡಿದ. ದಾರಿಯುದ್ದಕ್ಕೂ ಮರಿ ಕೂಗಿತು. ಅವನು ಒಮ್ಮೆಯೂ ಕೆಮ್ಮಲಿಲ್ಲ.

ಅಂಗಳದಲ್ಲಿ ಮೂವರೂ ನಿಂತಿದ್ದರು. ಗುರುಮಲ್ಲಪ್ಪ ಆಟೋದಿಂದ ಇಳಿಯುತ್ತಲೇ ಪೊಟ್ಟಣವನ್ನು ಮೇಲೆತ್ತಿ ಹಿಡಿದ.

"ಹಕ್ಕಿಜ್ವರ ಅಲ್ಲ! ಹೊಟ್ಟೇಲಿ ಹುಳ ಅಷ್ಟೇಯ! ಐದು ದಿನ ಮದ್ದು ಕುಡಿಸಿದ್ರೆ ವಾಸಿ!"

ಯಾರೂ ಕುಣಿಯಲಿಲ್ಲ. ಷೈಜ ಶ್ರೀಧರನ್ ಮುಖ ನೋಡಿದಳು. ಶ್ರೀಧರನ್ ವಿಜಯನ್ ಮುಖ ನೋಡಿದರು. ವಿಜಯನ್ ನೋಡಲು ಯಾರೂ ಉಳಿಯದೆ ನೆಲ ನೋಡಿದ.

ಗುರುಮಲ್ಲಪ್ಪ ಹಿತ್ತಲಿಗೆ ಓಡಿ ಗೂಡು ತೆಗೆದ. ಒಳಗಿಂದ ಮರಿಗಳು ಟಣ್ಣನೆ ನೆಗೆದು ಬಂದವು. ಹೊಳೆಯುವ ಕಣ್ಣು, ನೆಟ್ಟಗಿನ ರೆಕ್ಕೆ. ಮದ್ದಿನ ಪೊಟ್ಟಣ ಇನ್ನೂ ಒಡೆದೇ ಇಲ್ಲ, ಇವು ಆಗಲೇ ಗೆಲುವಾಗಿವೆ! ಡಾಕ್ಟರ ಕೈಗುಣ ದೊಡ್ಡದು ಎಂದುಕೊಂಡ. ಆಮೇಲೆ ಅವುಗಳ ಕತ್ತು ನೋಡಿದ. ಕತ್ತಿನ ತುಂಬ ಪುಕ್ಕ. ನಾಲ್ಕು ಕಂದು ಮರಿಗಳು. ಅವುಗಳ ಹಿಂದೆ ಇನ್ನೆರಡು ಓಲಾಡುತ್ತಾ ಬಂದು, ಸೀದಾ ನೀರಿನ ತಟ್ಟೆಗೆ ಇಳಿದು ಕೂತವು. ಅವಕ್ಕೆ ಚಪ್ಪಟೆ ಕೊಕ್ಕು.

"ಇದು... ಬಾತು," ಎಂದ ಗುರುಮಲ್ಲಪ್ಪ.

"ನೀವು ಆಸ್ಪತ್ರೆಗೆ ಹೋದದ್ದು ಬಸ್ಸಿನವರಿಂದ ಗೊತ್ತಾಯ್ತು," ಎಂದರು ಶ್ರೀಧರನ್. "ಬಿಳೀ ಡ್ರೆಸ್ಸಿನವರು ಬಂದೇ ಬರ್ತಾರೆ ಅಂತ ನಾವು... ಗೂಡು ಖಾಲಿ ಇದ್ರೆ ಅನುಮಾನ ಬರುತ್ತಲ್ಲ? ಅದಕ್ಕೇ ಷೈಜ ನಾಲ್ಕು ಆರೋಗ್ಯವಾದ ಮರಿ ಕೊಟ್ಟಳು. ವಿಜಯನ್ ಹತ್ರ ಕೋಳಿಮರಿ ಇರ್ಲಿಲ್ಲ. ಇದ್ದದ್ದು ಕೊಟ್ಟ."

"ನನ್ನವು?"

"ಬಸ್ ಶೆಡ್ಡಲ್ಲಿ," ಎಂದ ವಿಜಯನ್. "ರಟ್ಟಿನ ಪೆಟ್ಟಿಗೇಲಿ. ಯಾರಾದ್ರೂ ಬಸ್ಸಲ್ಲಿ ತಗೊಂಡು ಹೋಗ್ಲಿ ಅಂತ." ರಸ್ತೆಯ ಕಡೆ ಕೈ ತೋರಿಸಿ, "ಕಲ್ಲಿಕೋಟೆಗೋ, ಮೈಸೂರಿಗೋ. ಒಂದು ಕಿಲೋಮೀಟರ್ ದಾಟಿದ್ರೆ ಸಾಕಲ್ಲ," ಎಂದ. ಅವನು ಅಷ್ಟು ಮಾತಾಡಿದ್ದನ್ನು ಓಣಿ ಅದಕ್ಕೆ ಮೊದಲು ಕೇಳಿರಲಿಲ್ಲ.

ನಾಲ್ವರೂ ರಸ್ತೆಗುಂಟ ಓಡಿದರು. ಮುಂದೆ ಗುರುಮಲ್ಲಪ್ಪ, ಪಂಚೆ ಎತ್ತಿ ಕಟ್ಟಿ, ಮರಿಯ ಚೀಲ ಎದೆಗವಚಿಕೊಂಡು. ಶೆಡ್ಡು ಖಾಲಿಯಾಗಿತ್ತು. ಸಿಮೆಂಟು ಬೆಂಚಿನ ಮೇಲೆ ಒಂದು ಕೆಂಪು ಹಿಕ್ಕೆ ಮಾತ್ರ ಇತ್ತು. ಪೆಟ್ಟಿಗೆ ಯಾವ ಬಸ್ಸು ಹತ್ತಿತೋ, ಯಾವ ದಿಕ್ಕಿಗೆ ಹೋಯಿತೋ.

ಗುರುಮಲ್ಲಪ್ಪ ಬೆಂಚಿನ ಮೇಲೆ ಕುಸಿದ. "ಅವಳು ಬರೋ ಹೊತ್ತಾಯ್ತು. ನಾನು ಯಾನ ಹೇಳ್ಲಿ?"

ಅವನ ಮುಖ ನೋಡಿ ಷೈಜಳ ಕಣ್ಣಲ್ಲೂ ನೀರು ಬಂತು. "ನೀವೇನೂ ಹೇಳ್ಬೇಡಿ ಅಣ್ಣಾ. ನಾವೇ ಹೇಳ್ತೀವಿ. ತಪ್ಪು ಮಾಡಿದ್ದು ನಾವು."

"ಮೂರೂ ಜನ ಒಟ್ಟಿಗೆ ನಿಂತು ಹೇಳ್ತೀವಿ," ಎಂದರು ಶ್ರೀಧರನ್. ವಿಜಯನ್ ತನ್ನ ದೊಡ್ಡ ಕೈಯನ್ನು ಗುರುಮಲ್ಲಪ್ಪನ ಹೆಗಲ ಮೇಲಿಟ್ಟ. ಬೆಳಗಿನಿಂದ ಮೊದಲ ಸಲ ಗುರುಮಲ್ಲಪ್ಪನಿಗೆ ತಾನು ಒಂಟಿಯಲ್ಲ ಎನಿಸಿತು. ಇಂಥ ನೆರೆಹೊರೆ ಎಷ್ಟು ಜನಕ್ಕೆ ಸಿಗುತ್ತದೆ ಎಂದುಕೊಳ್ಳುತ್ತಾ ಅವರ ನಡುವೆ ನಡೆದು ಮನೆಗೆ ಬಂದ.

ಜಗಲಿಯ ಮೆಟ್ಟಿಲ ಮೇಲೆ ಚೆಲುವಮ್ಮ ಕೂತಿದ್ದಳು.

ಪಕ್ಕದಲ್ಲಿ ಊರಿನ ಬ್ಯಾಗು. ಮಡಿಲಲ್ಲಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಅಂಚಿನ ಮೇಲೆ ಸಾಲಾಗಿ ಎಂಟು ಬೋಳು ಕತ್ತುಗಳು. ಇವರು ರಸ್ತೆಯಲ್ಲಿ ಓಡುವಾಗ ಅವಳು ಗದ್ದೆಯ ಬದುವಿನ ಮೇಲೆ ಬಂದಿದ್ದಳು.

"ಬಸ್ ಇಳುದೆ," ಎಂದಳು ಮೆಲ್ಲಗೆ. "ಶೆಡ್ಡೊಳಗೆ ಯಾರೋ ಅವ್ವಾ ಅಂದಂಗಾಯ್ತು. ನೋಡುದ್ರೆ ಇವು." ಹಿತ್ತಲಿನಿಂದ ಕಂದು ಮರಿಗಳು ಚಿಲಿಪಿಲಿ ಎನ್ನುತ್ತಾ ಅಂಗಳಕ್ಕೆ ಬಂದವು. "ಅವು ಯಾರವು?"

ಗುರುಮಲ್ಲಪ್ಪ ತನ್ನ ಎಡಕ್ಕೂ ಬಲಕ್ಕೂ ನೋಡಿದ. ಶ್ರೀಧರನ್ ಕೆಮ್ಮಿದರು. ಹೇಳುವ ಮೊದಲಿನ ಕೆಮ್ಮು ಎಂದು ಅವನು ಕಾದ.

"ನಾನು ಈಗ ತಾನೇ ಈ ಕಡೆ ಬಂದೆ," ಎಂದರು ಶ್ರೀಧರನ್. "ಹಾಲು ಒಲೆ ಮೇಲಿದೆ." ಬೇಲಿ ದಾಟಿದರು.

ಷೈಜ ಮರಿಗಳ ಕಡೆ ಬಗ್ಗಿ, "ಅಯ್ಯೋ, ಎಷ್ಟು ಮುದ್ದಾಗಿವೆ ಅಕ್ಕಾ! ಗುರುವಣ್ಣ ಎಲ್ಲಿಂದ ತಂದ್ರೋ!" ಎಂದಳು.

ಬಾತುಮರಿಗಳು ವಿಜಯನ್‌ನ ದನಿ ಕೇಳದಿದ್ದರೂ ಅವನ ಕಾಲು ಗುರುತಿಸಿ, ಓಲಾಡುತ್ತಾ ಓಡಿ ಬಂದು ಪಾದದ ಮೇಲೆ ಹತ್ತಿ ಕೂತವು. ವಿಜಯನ್ ಆಕಾಶ ನೋಡಿದ. "ಮಳೆ ಬರೋ ಹಂಗಿದೆ," ಎಂದ. ಗೇಟಿನವರೆಗೂ ಅವು ಹಿಂಬಾಲಿಸಿದವು. ಅವನು ಬಗ್ಗಿ ಎರಡನ್ನೂ ಮೆತ್ತಗೆ ಒಳಕ್ಕೆ ತಿರುಗಿಸಿ, ಗೇಟು ಹಾಕಿಕೊಂಡು ಹೋದ.

ಗುರುಮಲ್ಲಪ್ಪ ಚೀಲದಿಂದ ಒಂಬತ್ತನೆಯ ಮರಿಯನ್ನು ತೆಗೆದ. ಪೊಟ್ಟಣ ತೋರಿಸಿದ. "ನಾನು ಆಸ್ಪತ್ರೆಗೆ ಹೋಗಿದ್ದೆ ಕನಾ. ಕರುಳಿನ ಕಾಯಿಲೆ ಅಂತೆ. ನೋಡು, ಮದ್ದು ತಂದಿವ್ನಿ. ಐದು ದಿನ..."

ಚೆಲುವಮ್ಮ ಮರಿಯನ್ನು ಇಸಕೊಂಡು ಉಳಿದವುಗಳ ಜೊತೆ ಬಿಟ್ಟಳು. ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಕೇಳಿದಳು.

"ಒಂದನ್ನ ಆಸ್ಪತ್ರೆಗೆ ತಕ್ಕೊಂಡೋದ್ರಿ. ಸರಿ. ಎಂಟನ್ನ ಯಾಕೆ ಬಸ್ ಶೆಡ್ಡಿಗೆ ತಕ್ಕೊಂಡೋದ್ರಿ?"

ನಿಜ ಹೇಳೋಣವೆಂದು ಗುರುಮಲ್ಲಪ್ಪ ಬಾಯಿ ತೆರೆದ. ನಿಜವನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಅವನಿಗೇ ನಂಬಿಕೆ ಬರಲಿಲ್ಲ.

ಚೆಲುವಮ್ಮ ನೀರಿಗೆ ಪುಡಿ ಕಲಸಲು ಒಳಗೆ ಹೋದಳು. ಗುರುಮಲ್ಲಪ್ಪ ಗೂಡಿನ ಹಳೆಯ ಹೊಟ್ಟನ್ನೆಲ್ಲ ಕೆರೆದು ಗುಡ್ಡೆ ಹಾಕಿ ಬೆಂಕಿ ಕೊಟ್ಟ. ಹೊಗೆ ಕಣ್ಣಿಗೆ ಹೋಗುತ್ತಿರುವಾಗ ಬೇಲಿಯ ಸಂದಿನಿಂದ ಷೈಜಳ ಪಿಸುದನಿ ಕೇಳಿಸಿತು.

"ಗುರುವಣ್ಣಾ, ಅಕ್ಕ ಒಳಗಿದಾಳಾ? ಬೇಗ ನನ್ನ ನಾಲ್ಕು ಮರಿ ಕೊಟ್ಬಿಡಿ."

"ಕೊಡಕ್ಕಾಗಲ್ಲ ಕಣಮ್ಮ. ಈ ಗೂಡಲ್ಲಿ ಕಾಲಿಟ್ಟಿವೆ. ನಿನ್ನ ಅರವತ್ತಕ್ಕೂ ಅಂಟುತ್ತೆ. ಮದ್ದು ಮುಗೀಲಿ, ಆಮೇಲೆ..."

"ನನ್ನ ಮರೀನ ನನಗೇ ಕೊಡಲ್ವಾ?" ಷೈಜಳ ಪಿಸುದನಿ ಹೋಯಿತು. ಅವಳ ದನಿ ಒಮ್ಮೆ ಏರಿದರೆ ಓಣಿಯ ಕೊನೆಯವರೆಗೆ ಕೇಳಿಸುವಂಥದ್ದು. "ಮೋಸ! ಇದು ಹಗಲು ದರೋಡೆ! ಇಷ್ಟು ವರ್ಷ ಅಣ್ಣಾ ಅಣ್ಣಾ ಅಂದದ್ದಕ್ಕೆ ನನ್ನ ಮರಿ ಹೊಡ್ಕೊಂಡು ಕೂತಿದೀರಲ್ಲ!"

ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಶ್ರೀಧರನ್ ಕಿಟಕಿಯಲ್ಲಿ ತಲೆ ಹಾಕಿದರು. ಕೆಳಗಿನ ಗದ್ದೆಯಿಂದ ಯಾರದೋ ಭಾರವಾದ ಹೆಜ್ಜೆಗಳು ಮೇಲಕ್ಕೆ ಬರುವುದು ಕೇಳಿಸಿತು.

ಗುರುಮಲ್ಲಪ್ಪ ಹಿಂದೆ ತಿರುಗಿದ. ಅಡಿಗೆಮನೆಯ ಬಾಗಿಲಲ್ಲಿ ಚೆಲುವಮ್ಮ ಮದ್ದಿನ ನೀರಿನ ತಟ್ಟೆ ಹಿಡಿದು ನಿಂತಿದ್ದಳು. ಕತ್ತನ್ನು ಕೊಂಚ ವಾರೆ ಮಾಡಿದಳು.

"ನನ್ನವನ್ನ ಬಿಸಾಕಿ," ಎಂದಳು ಮೆಲ್ಲಗೆ, "ಅವಳವನ್ನ ಕದ್ದು ತಂದ್ರಾ?"